ಕಾಗೆಗಳು ಅಳಿಸಿದ ಸಾಲು

ಕೆರೆ ಏರಿಯ ಮೇಲೊಂದು ಶಾಸನದ ಕಲ್ಲಿತ್ತು. ಕೆರೆ ಕಟ್ಟಿದ ದಿನ ಹಕ್ಕಿಗಳೆಲ್ಲ ಕೂಡಿ, ನೀರಲ್ಲಿ ಯಾರಿಗೆ ಪಾಲು ಎಂದು ಅದರಲ್ಲಿ ಬರೆಸಿದ್ದವು. ಬರಬರುತ್ತ ಕಲ್ಲಿಗೆ ಎಣ್ಣೆ, ಕುಂಕುಮ ಬಳಿದು ಪೂಜೆ ಮಾಡಿದವು. ಓದುವುದನ್ನು ಬಿಟ್ಟವು.

ಒಂದು ಬೇಸಿಗೆ, ಹೆಂಡತಿಯನ್ನು ಕಳಕೊಂಡ ಕೊಕ್ಕರೆಯೊಂದು ಮರಿಗೆ ನೀರು ಒಯ್ಯಲು ಬಂತು. ಮೊಬೈಲ್ ಟವರ್ ಮೇಲಿಂದ ಕಾಗೆ ಕೂಗಿತು:

"ಏಯ್! ಹೊರಗಿನವರಿಗೆ ಇಲ್ಲಿ ನೀರಿಲ್ಲ. ಶಾಸನದಲ್ಲೇ ಇದೆ!"

ಆ ಮಾತು ಟವರಿನಿಂದ ಟವರಿಗೆ ಹಾರಿತು. ಗಳಿಗೆಯಲ್ಲಿ ಸಾವಿರ ಕಾಗೆ ಅದನ್ನೇ ಕೂಗುತ್ತಿದ್ದವು.

"ನೀನು ಓದಿದ್ದೀಯೇನಣ್ಣ?" ಎಂದಿತು ಕೊಕ್ಕರೆ.

"ಓದೋಕೇನಿದೆ? ಊರೆಲ್ಲ ಅದನ್ನೇ ಹೇಳ್ತಿಲ್ವಾ? ನೀನೇನು ದೊಡ್ಡ ಪಂಡಿತನೋ?"

ಕೊಕ್ಕರೆ ರೆಕ್ಕೆಯಿಂದ ಎಣ್ಣೆ ಒರೆಸಿ, ಕಂಡ ಸಾಲನ್ನು ಗಟ್ಟಿಯಾಗಿ ಓದಿತು: "ಎಲ್ಲಿಂದಲೋ ಬಂದ ಕಾಗೆಗೂ ಕೊಕ್ಕರೆಗೂ ಈ ನೀರಲ್ಲಿ ಸಮಪಾಲು."

"ಸುಳ್ಳು! ಇದನ್ನ ಈಗ ಇವನೇ ಬರೆದ! ಶಾಸನಕ್ಕೆ ಅವಮಾನ!"

ಕಾಗೆಗಳು ಕೊಕ್ಕರೆಯನ್ನು ಕುಕ್ಕಿ ಓಡಿಸಿದವು. ಅದು ಒಣಗಿದ ಕೊಕ್ಕಿನಲ್ಲೇ ಮರಿಯ ಹತ್ತಿರ ಹೋಯಿತು. ಆಮೇಲೆ ಕಾಗೆಗಳೆಲ್ಲ ಸೇರಿ, ಒಂದು ಅಕ್ಷರವೂ ಉಳಿಯದಂತೆ ಆ ಸಾಲನ್ನು ಕುಕ್ಕಿ ಕುಕ್ಕಿ ಅಳಿಸಿದವು.

ಕಾಗೆಗಳಿಗೆ ಆ ಕೆರೆಯಲ್ಲಿ ನೀರು ಕೊಟ್ಟಿದ್ದು ಅದೊಂದೇ ಸಾಲು.