ಪತಂಗದ ಎದೆಯೊಳಗಿನ ತಿದಿ

ಭೂಮಿಯ ಮಣ್ಣು ಇನ್ನೂ ಹಸಿಯಾಗಿದ್ದ ಕಾಲ. ಆಗ ಮರ, ಹುಳು, ಮನುಷ್ಯರು ಎಲ್ಲರ ಮಾತೂ ಎಲ್ಲರಿಗೂ ತಿಳಿಯುತ್ತಿತ್ತು.

ಒಂದು ಕುಲುಮೆಯ ಗೋಡೆಯ ಮೇಲೆ ನೀಳಿ ಎಂಬ ಪತಂಗ ಹಗಲೆಲ್ಲ ಮಲಗಿರುತ್ತಿದ್ದಳು. ಅಂಗಳದಲ್ಲಿ ಆಕಾಶಮಲ್ಲಿಗೆಯ ಮರ. ಅದರ ಹೂ ಅರಳುವುದು ಮುಸ್ಸಂಜೆಗೆ, ಉದುರುವುದು ಬೆಳಗಿಗೆ. ಹೂವಿನ ಕೊಳವೆ ಬಲು ಉದ್ದ. ತಳದ ಜೇನು ಎಟಕುವುದು ನೀಳಿಯ ನೀಳ ನಾಲಿಗೆಗೆ ಮಾತ್ರ. ಅವಳು ಜೇನು ಕುಡಿಯಬೇಕು, ಹೂವಿಂದ ಹೂವಿಗೆ ಪರಾಗ ಸಾಗಿಸಬೇಕು. ಹೋಗದಿದ್ದರೆ ಅವಳಿಗೆ ಉಪವಾಸ, ಮರಕ್ಕೆ ಬೀಜವಿಲ್ಲ. ಇಬ್ಬರಿಗೂ ಗಿಟ್ಟುವ ವ್ಯವಹಾರ.

ತೊಡಕು ಒಂದೇ. ಸಂಜೆಯ ತಂಪಿಗೆ ನೀಳಿಯ ರೆಕ್ಕೆ ಮರಗಟ್ಟುತ್ತಿತ್ತು. ಹಾರು ಎಂದು ಮನಸ್ಸು ಹೇಳಿದರೂ ಮೈ ಏಳುತ್ತಿರಲಿಲ್ಲ. ಬಡಿದು, ಜಾರಿ, ಮತ್ತೆ ಬಡಿದು, ಆಮೇಲೆ ಹಾರಾಟ. ಆ ನಡುವಿನ ಗಳಿಗೆಗೇ ಹಲ್ಲಿ ಹೊಂಚು ಹಾಕಿರುತ್ತಿತ್ತು. ಅವಳ ಅಕ್ಕನನ್ನು ಹಾಗೇ ನುಂಗಿತ್ತು.

“ಅವಸರವಿಲ್ಲ ತಂಗೀ,” ಎನ್ನುತ್ತಿತ್ತು ಹಲ್ಲಿ. “ನಿನ್ನ ರೆಕ್ಕೆ ಏಳುವಷ್ಟರಲ್ಲಿ ನನ್ನ ಊಟ ಮುಗಿದಿರುತ್ತದೆ.”

ಬಿಸಿ ತಾನೇ ಬೇಕು, ಕುಲುಮೆಯಲ್ಲೇ ಇದೆಯಲ್ಲ ಎಂದು ನೀಳಿ ಬೆಂಕಿಯ ಹತ್ತಿರ ಹೋದಳು. ರೆಕ್ಕೆಯ ಅಂಚು ಸುಟ್ಟುಕೊಂಡು ತಿದಿಯ ಮೇಲೆ ಬಿದ್ದಳು.

ತಿದಿ ಒತ್ತಿ ಗಾಳಿ ಊದುತ್ತಿದ್ದವಳು ಕಮ್ಮಾರನ ಹೆಂಡತಿ ಮೌನವ್ವ. ಹೆಸರಿಗಷ್ಟೇ ಮೌನ. ಪತಂಗವನ್ನು ಅಂಗೈಗೆತ್ತಿಕೊಂಡು ಮೊದಲು ಚೆನ್ನಾಗಿ ಬೈದಳು. ಆಮೇಲೆ ತಾನು ಮಾಡುವ ಕೆಲಸ ನೋಡಿ ಕಲಿ ಎಂದಳು. ಗಂಡ ಕಬ್ಬಿಣ ತರುವ ಮುಂಚೆಯೇ ಅವಳು ಗಾಳಿ ಊದುತ್ತಿದ್ದಳು. ಕಬ್ಬಿಣ ಬರುವ ಹೊತ್ತಿಗೆ ಕೆಂಡ ಕೆಂಪಾಗಿ ಕಾದಿರುತ್ತಿತ್ತು.

“ಕಬ್ಬಿಣ ಇಟ್ಟಮ್ಯಾಲೆ ತಿದಿ ಹುಡುಕಿದ್ರ ಏನು ಬಂತವ್ವ? ನಿನ್ನ ತಿದಿ ನಿನ್ನ ಎದಿಯಾಗ ಐತಿ. ಕುಂತಲ್ಲೇ ಊದು. ಹಾರೋದು ಆಮ್ಯಾಲ.”

ಬಿಸಿ ಸೋರಿಹೋಗದಿರಲಿ ಎಂದು ತನ್ನ ಕಂಬಳಿಯಿಂದ ಒಂದು ಚಿಟಿಕೆ ಉಣ್ಣೆ ಕಿತ್ತು ನೀಳಿಯ ಎದೆಗೆ ಸುತ್ತಿದಳು.

ಮರುಸಂಜೆ ಹೂ ಅರಳಿತು. ಹಲ್ಲಿ ಹತ್ತಿರ ಬಂತು. ನೀಳಿ ಹಾರಲಿಲ್ಲ. ಕೂತಲ್ಲೇ ರೆಕ್ಕೆಯನ್ನು ಥರಥರ ಅದುರಿಸತೊಡಗಿದಳು.

“ಭಯಕ್ಕೆ ನಡುಕವೇ ಬಂತಲ್ಲ,” ಎಂದು ಹಲ್ಲಿ ನಕ್ಕಿತು. ಹೆದರಿದ ಹುಳು ಎಲ್ಲಿಗೆ ಹೋದೀತು ಎಂದು ನಿಧಾನಿಸಿತು.

ನೀಳಿಗೆ ಭಯವೂ ಇತ್ತು. ಈಗಲೇ ಜಿಗಿದುಬಿಡು ಎಂದು ಜೀವ ಹೇಳುತ್ತಿತ್ತು. ಅದುರಿದಷ್ಟೂ ಎದೆ ಬಿಸಿಯಾಗುತ್ತಿತ್ತು, ಆದರೆ ಇನ್ನೂ ಪೂರ್ತಿ ಕಾದಿರಲಿಲ್ಲ. ಹಲ್ಲಿಯ ಉಸಿರು ಮೀಸೆಗೆ ತಾಗಿದರೂ ಅವಳು ಅದುರುತ್ತಲೇ ಕೂತಳು. ಕಡೆಗೆ ಉಣ್ಣೆಯ ಕೆಳಗೆ ಬಿಸಿ ತುಂಬಿತು.

ಹಲ್ಲಿ ಬಾಯಿ ತೆರೆಯಿತು. ಮುಚ್ಚಿದಾಗ ಬಾಯಿಗೆ ಸಿಕ್ಕಿದ್ದು ಗೋಡೆಯ ಸುಣ್ಣ. ನೀಳಿ ಆಗಲೇ ಮರದ ತುದಿಯ ಹೂವಿನಲ್ಲಿದ್ದಳು.

ಅದೇ ರೆಕ್ಕೆ, ಅದೇ ಮೈ. ಕೆಲಸದ ಹಿಂದುಮುಂದು ಬದಲಾಯಿಸಿದ್ದಷ್ಟೇ. ಜಾಣತನವೆಂದರೆ ಅದು. ಇಂದು ಟರ್ಬೊ ಎಂಜಿನ್ ಕಟ್ಟುವ ಮೇಸ್ತ್ರಿಗಳೂ ಅದಕ್ಕೇ ತಲೆ ಕೆಡಿಸಿಕೊಳ್ಳುತ್ತಾರೆ: ವೇಗದ ಪೆಡಲ್ ಒತ್ತಿದ ಮೇಲೆ ಎಂಜಿನ್ನಿಗೆ ಗಾಳಿ ಊದುವ ಚಕ್ರ ಎಚ್ಚರಗೊಂಡರೆ ಗಾಡಿ ಮುಗ್ಗರಿಸುತ್ತದೆ, ಮೊದಲೇ ತಿರುಗುತ್ತಿದ್ದರೆ ಒಮ್ಮೆಲೇ ಚಿಮ್ಮುತ್ತದೆ.

ಆದ್ದರಿಂದ ಮಗೂ, ಸಂಜೆ ಗೋಡೆಯ ಮೇಲೆ ಎದೆತುಂಬ ಉಣ್ಣೆಯ ಪತಂಗ ನಡುಗುತ್ತಿದ್ದರೆ ಅಯ್ಯೋ ಪಾಪ ಎನ್ನಬೇಡ, ಅದು ತಿದಿ ಒತ್ತುತ್ತಿದೆ. ಪಕ್ಕದಲ್ಲೇ ಹಲ್ಲಿ ಲೊಚಗುಟ್ಟಿದರೆ, ಅದಕ್ಕಿನ್ನೂ ಆ ಸುಣ್ಣದ ರುಚಿ ಮರೆತಿಲ್ಲ.