ಕೋಟೆಯ ಕೆಳಗೆ ಹಾಯಿ

ಶಿಷ್ಯನೊಬ್ಬ ಗುರುಗಳನ್ನು ಕೇಳಿದ: "ಹೊರೆಯನ್ನು ಇಳಿಸುತ್ತೇವೆ, ದನಿಯನ್ನು ತಗ್ಗಿಸುತ್ತೇವೆ, ತಲೆಯನ್ನು ಬಾಗಿಸುತ್ತೇವೆ. ಇಂಗ್ಲಿಷಿನವರಿಗೆ ಇದಕ್ಕೆಲ್ಲ 'ಲೋವರ್' ಎಂಬ ಒಂದೇ ಮಾತು ಸಾಕಂತೆ. ಆ ಮಾತು ಮೊದಲು ಯಾವುದಕ್ಕಾಗಿ ಹುಟ್ಟಿತು? ಹೊರೆಗೋ, ತಲೆಗೋ?"

"ಮಾತಿನ ಹುಟ್ಟಿನ ಚಿಂತೆ ನಿನಗೇಕೆ ಬಂತು?"

ಶಿಷ್ಯ ಹೇಳಿದ: "ನಿನ್ನೆ ಊರ ಯಜಮಾನರು ತಮ್ಮ ಜಗಲಿಗೆ ಕರೆಸಿ, ನಾನು ಮಾಡದ ತಪ್ಪಿಗೆ ಎಲ್ಲರೆದುರು ಬೈದರು. ನಾನು ತಲೆ ತಗ್ಗಿಸಿ ನಿಂತೆ. ಅದು ವಿನಯ ತಾನೆ?"

ಗುರುಗಳು ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. ಕತೆ ಹೇಳಿದರು.

ಹೊಳೆಯೊಂದು ಕಡಲು ಸೇರುವಲ್ಲಿ ಒಂದು ಕೋಟೆಯಿತ್ತು. ಕೋಟೆಯಲ್ಲೊಬ್ಬ ನಾಯಕ. ಕೋಟೆಯ ಕೆಳಗೆ ಹಾದುಹೋಗುವ ದೋಣಿಗಳೆಲ್ಲ ಹಾಯಿ ಇಳಿಸಿ ಮರ್ಯಾದೆ ತೋರಿಸಬೇಕು ಎಂಬುದು ಅವನ ಅಜ್ಜನ ಕಾಲದ ಕಟ್ಟಳೆ. ಇಳಿಸದವರ ಹಾಯಿಮರವನ್ನು ಕಾವಲಿನವರು ಕಡಿದುಹಾಕುತ್ತಿದ್ದರು. ಕಟ್ಟಳೆ ಮಾಡಿದ ಆ ಅಜ್ಜ ಜನ್ಮದಲ್ಲಿ ದೋಣಿ ಹತ್ತಿದವನಲ್ಲ. ಕೋಟೆಯ ಬುಡದಲ್ಲಿ ನೀರು ಸುತ್ತಿ ಬಂಡೆಯತ್ತ ಎಳೆಯುತ್ತದೆ. ಹಾಯಿ ಇಳಿಸಿದ ದೋಣಿ ಅಲ್ಲಿ ಹೇಳಿದ ಮಾತು ಕೇಳುವುದಿಲ್ಲ. ಪ್ರತಿವರ್ಷ ಒಂದಲ್ಲ ಒಂದು ದೋಣಿ ಒಡೆಯುತ್ತಿತ್ತು. ಜನ ಕಡಲಿಗೆ ಶಾಪ ಹಾಕಿ, ಕೋಟೆಗೆ ಕೈಮುಗಿದು ಸುಮ್ಮನಾಗುತ್ತಿದ್ದರು.

ಒಬ್ಬ ಮೀನುಗಾರನ ಅಣ್ಣ ಹಾಗೆಯೇ ಹೋದ. ಅವನು ಹಾಯಿ ಇಳಿಸಿದ್ದ, ಕೈಯನ್ನೂ ಮುಗಿದಿದ್ದ. ತಮ್ಮನಿಗೆ ದುಃಖಕ್ಕಿಂತ ಸಿಟ್ಟು ಹೆಚ್ಚಾಯಿತು. ಸೂತಕ ಕಳೆದ ಮರುದಿನ ಅವನು ಹಾಯಿ ಇಳಿಸದೆ ಕೋಟೆಯ ಕೆಳಗೆ ಹಾದುಹೋದ. ಮರಳಿ ಬಂದಾಗ ಕಾವಲಿನವರು ಹಾಯಿಮರ ಕಡಿದರು. ಅವನು ಇನ್ನೊಂದು ನೆಟ್ಟ. ಅದನ್ನೂ ಕಡಿದರು. ಮತ್ತೊಂದು ನೆಟ್ಟ.

"ನೀರಲ್ಲಿದ್ದು ಮೊಸಳೆಯ ಹಗೆ ಬೇಡವೋ" ಎಂದರು ಕೇರಿಯವರು.

"ಬಗ್ಗಿದವನಿಗೆ ಒಂದು ಗುದ್ದು ಹೆಚ್ಚು" ಎಂದ ಅವನು.

ನಾಯಕ ಅವನನ್ನು ಕರೆಸಿ ಕೇಳಿದ: "ಹಾಯಿ ಇಳಿಸಿದರೆ ನಿನ್ನ ಗಂಟೇನು ಹೋಗುತ್ತದೆ?"

"ನನ್ನ ಅಣ್ಣ ಹೋದ, ಒಡೆಯ."

"ಹಾಗಾದರೆ ನೀನು ಯಾರಿಗೂ ಇಳಿಸುವವನಲ್ಲ?"

"ಗಾಳಿಗೆ ಇಳಿಸುತ್ತೇನೆ."

ನಾಯಕನ ಸಿಟ್ಟು ನೆತ್ತಿಗೇರಿತು. ನಾಳೆ ತಾನೇ ಆ ದೋಣಿಯಲ್ಲಿ ಕೂರುವುದಾಗಿಯೂ, ಊರೆಲ್ಲ ನೋಡುತ್ತಿರುವಾಗ ಹಾಯಿ ಇಳಿಯಬೇಕೆಂದೂ ಹೇಳಿದ. ಇಳಿಯದಿದ್ದರೆ ಈ ಸಲ ಕಡಿಯುವುದು ಮರವನ್ನಲ್ಲ, ತಲೆಯನ್ನು.

ಮರುದಿನ ಊರು ದಡದಲ್ಲಿ ನೆರೆಯಿತು. ದೋಣಿ ಕೋಟೆಯ ಕೆಳಗೆ ಬಂತು. ನಾಯಕ "ಇಳಿಸು" ಎಂದ. ಇಳಿಸಿದರೆ ಬಂಡೆ, ಇಳಿಸದಿದ್ದರೆ ಕತ್ತಿ. ಮೀನುಗಾರ ಹಾಯಿಯ ಹಗ್ಗ ಬಿಚ್ಚಿ ನಾಯಕನ ಕೈಗೇ ಕೊಟ್ಟ.

"ನೀವೇ ಬಿಡಿ ಒಡೆಯ. ಬಿಟ್ಟರೆ ಇಳಿಯುತ್ತದೆ. ಅಗೋ, ಅದೇ ಬಂಡೆ."

ನಾಯಕ ಆ ಬಂಡೆಯನ್ನು ಹುಟ್ಟಿದಂದಿನಿಂದ ಮೇಲಿನಿಂದ ನೋಡಿದ್ದ. ನೀರಿನ ಮಟ್ಟದಿಂದ ನೋಡಿದ್ದು ಅದೇ ಮೊದಲು. ಹಗ್ಗ ಹಿಡಿದ ಮುಷ್ಟಿ ಬಿಗಿಯಾಯಿತು. ಊರೆಲ್ಲ ನೋಡುತ್ತಿದ್ದಂತೆ ಹಾಯಿ ಇಳಿಯದೆ ಕೋಟೆಯನ್ನು ದಾಟಿತು. ಅದನ್ನು ಎತ್ತಿ ಹಿಡಿದದ್ದು ನಾಯಕನ ಕೈಯೇ.

ಕಡಲಿಗೆ ಬಂದ ಮೇಲೆ ಬಿರುಗಾಳಿ ಎದ್ದಿತು. ಮೀನುಗಾರ ಹಾರಿ ಬಂದು ಹಗ್ಗ ಕಿತ್ತುಕೊಂಡು ಸರಸರನೆ ಹಾಯಿ ಇಳಿಸಿದ.

"ಈಗ ಇಳಿಸಿದೆಯಲ್ಲ!" ಎಂದ ನಾಯಕ.

"ಈಗ ಗಾಳಿ ಬಂತಲ್ಲ" ಎಂದ ಮೀನುಗಾರ.

ನಾಯಕ ಅವನ ತಲೆಯ ಮಾತೆತ್ತಲಿಲ್ಲ. ಕಟ್ಟಳೆಯನ್ನೂ ಹಿಂದಕ್ಕೆ ಪಡೆಯಲಿಲ್ಲ; ಒಡೆಯರು ಅಂಥದ್ದನ್ನೆಲ್ಲ ಮಾಡುವವರಲ್ಲ. ಆದರೆ ಕಾವಲಿನವರ ಕೊಡಲಿ ತುಕ್ಕು ಹಿಡಿಯಿತು.

ಶಿಷ್ಯನಿಗೆ ಕತೆ ಹಿಡಿಸಿತು. "ಎಂಥ ಎದೆಗಾರ ಅವನು!" ಎಂದ.

"ಅವನ ಮಾತು ಇರಲಿ" ಎಂದರು ಗುರುಗಳು. "ನಿನ್ನೆ ಯಜಮಾನರ ಜಗಲಿಯಲ್ಲಿ ಗಾಳಿ ಎಷ್ಟಿತ್ತು?"