ನಿರುಪಮಜ್ಜಿಯ ಊರು

ಸಿಂಧನೂರಿನ ಹತ್ತಿರದ ಬಂಗಾಳಿ ನಿರಾಶ್ರಿತರ ಕ್ಯಾಂಪಿನಲ್ಲಿ ನಿರುಪಮಾ ಎಂಬ ಅಜ್ಜಿಯೊಬ್ಬಳಿದ್ದಳು. ಹೈಸ್ಕೂಲಿನಲ್ಲಿ ಇತಿಹಾಸ ಕಲಿಸುವ ಶಂಕ್ರಮ್ಮ ಟೀಚರ್ ಒಂದು ದಿನ ಅವಳ ಮನೆಗೆ ಬಂದರು.

"ಅಜ್ಜಿ, ಎಪ್ಪತ್ತೊಂದರಾಗ ಪೂರ್ವ ಪಾಕಿಸ್ತಾನದಾಗ ಪಾಕ್ ಸೈನ್ಯ ನಡೆಸಿದ ನರಮೇಧದ ಪಾಠ ಮಾಡಿದೆ. ಲಕ್ಷಾಂತರ ಜನ ಸತ್ರು ಅಂದ್ರೆ ಹುಡುಗರು ಆಕಳಿಸ್ತಾರ. ನೀವು ಕಣ್ಣಾರೆ ಕಂಡವರು, ಬಂದು ಹೇಳ್ರಿ."

ಅಜ್ಜಿ ಆ ಮಾತನ್ನು ಮೊಮ್ಮಕ್ಕಳ ಮುಂದೆಯೂ ಆಡಿದವಳಲ್ಲ. ಆದರೂ ಒಪ್ಪಿಕೊಂಡಳು.

ತರಗತಿಯಲ್ಲಿ ನಿಂತಾಗ ಸಾವಿನ ಮಾತು ಬಾಯಿಗೆ ಬರಲಿಲ್ಲ. ಬಂದದ್ದು ಅವಳು ಬಿಟ್ಟುಬಂದ ಊರು. ಮಳೆಗಾಲದಲ್ಲಿ ಪಕ್ಕದ ಮನೆಗೂ ದೋಣಿಯಲ್ಲೇ ಹೋಗಬೇಕು. ಚಳಿಗಾಲದ ಬೆಳಗ್ಗೆ ಈಚಲ ರಸ ಕುದಿಸಿ ಬೆಲ್ಲ ಮಾಡುವಾಗ ಓಣಿಯೆಲ್ಲ ಘಮಘಮ. ಗೆಳತಿ ಪುತುಲ್ ಬಿಸಿ ಬೆಲ್ಲಕ್ಕೆ ಬೆರಳಿಟ್ಟು ಸುಟ್ಟುಕೊಂಡು, ಅಳುತ್ತಲೇ ಬೆರಳು ನೆಕ್ಕುತ್ತಿದ್ದಳು. ಮಕ್ಕಳು ಬಿದ್ದು ಬಿದ್ದು ನಕ್ಕರು. ಅಜ್ಜಿಯೂ ನಕ್ಕಳು. ಎಷ್ಟೋ ವರ್ಷಗಳ ಮೇಲೆ ಆ ಓಣಿಯಲ್ಲಿ ಓಡಾಡಿ ಬಂದಂತಾಗಿತ್ತು.

"ಪುತುಲ್ ಈಗ ಎಲ್ಲದಾಳಜ್ಜಿ?" ಹುಡುಗಿಯೊಬ್ಬಳು ಕೇಳಿದಳು.

"ಸೈನಿಕರು ಬಂದ್ರು. ಹಿಂದೂಗಳ ಮನಿ ಯಾವುದು ಅಂತ ಕೇಳಿ ಕೇಳಿ ಒಳಗ ಹೊಕ್ಕರು. ಪುತುಲ್ ಹೋದಳು. ಅವರವ್ವ, ನಮ್ಮಪ್ಪ, ಎಲ್ಲಾ ಹೋದ್ರು."

ವೀರೇಶನೆಂಬ ಹುಡುಗ ಸಿಟ್ಟಿನಿಂದ ಎದ್ದ.

"ಆ ಮಂದೀನೇ ಹಂಗ, ಅಜ್ಜಿ! ಒಬ್ಬರನ್ನೂ ನಂಬಬಾರದು."

ಮುಂದಿನ ಬೆಂಚಿನ ಮುಸ್ಲಿಂ ಹುಡುಗಿ ರೇಷ್ಮಾ ತಲೆ ತಗ್ಗಿಸಿದಳು. ಅಜ್ಜಿ ಅದನ್ನು ಕಂಡಳು. ಹೌದಪ್ಪಾ ಅಂದುಬಿಟ್ಟರೆ ತರಗತಿಯೆಲ್ಲ ತನ್ನ ಪರ. ಎದೆಯೊಳಗಿನ ಹಳೇ ಕಿಚ್ಚೂ ಹಾಗೇ ಅನ್ನು ಎನ್ನುತ್ತಿತ್ತು.

"ಇಲ್ಲ ಮಗಾ," ಅಂದಳು. "ನನ್ನನ್ನ ದೋಣಿಯಾಗ ಮಲಗಿಸಿ, ಮ್ಯಾಲ ಸೆಣಬು ಹೊಚ್ಚಿ, ಹೊಳೆ ದಾಟಿಸಿದವ ನೆರೆಮನಿ ಜಬ್ಬಾರ್ ಚಾಚಾ. ಅದಕ್ಕ ಸೈನಿಕರು ಅವನನ್ನೂ ಕೊಂದ್ರಂತ. ನಮ್ಮನ್ನ ಕೊಂದವರೂ 'ಆ ಮಂದಿ' ಅಂತನೇ ಅಂದಿದ್ರು. ಬೆಲ್ಲ ನೆಕ್ಕೋ ಪುತುಲ್ ಅಂತ ಗೊತ್ತಿದ್ರೆ ಕೊಲ್ಲಾಕ ಕೈ ಬರ್ತಿತ್ತೇನು?"

ವೀರೇಶ ರೇಷ್ಮಾಳ ಕಡೆ ತಿರುಗಿದ. "ನಿನಗ ಅಂದಿದ್ದಲ್ಲ."

ಅವಳು ತಲೆ ಎತ್ತಲಿಲ್ಲ. ಅಜ್ಜಿ ವೀರೇಶನನ್ನೇ ನೋಡಿದಳು.

"ಅನ್ನಬಾರದಿತ್ತು. ತಪ್ಪಾತು," ಅಂದ ವೀರೇಶ. ಆಗ ರೇಷ್ಮಾ ತಲೆ ಎತ್ತಿದಳು.

ಆಮೇಲೆ ಮಕ್ಕಳೆಲ್ಲ ಬಿಡುವಾದಾಗ ಅಜ್ಜಿಯ ಮನೆಗೆ ಹೋಗತೊಡಗಿದರು. ಆ ಊರಿನಲ್ಲಿ ಯಾರ್ಯಾರಿದ್ದರು, ಏನು ಆಟ ಆಡುತ್ತಿದ್ದರು, ಯಾತಕ್ಕೆ ಜಗಳಾಡುತ್ತಿದ್ದರು ಎಂದು ಕೇಳುತ್ತಿದ್ದರು. ಅಜ್ಜಿ ಒಬ್ಬೊಬ್ಬರನ್ನೇ ನೆನೆದು ಹೇಳುತ್ತಿದ್ದಳು.

ನೀತಿ: ನರಮೇಧದಲ್ಲಿ ಸತ್ತವರನ್ನು ಹೆಸರು ಹಿಡಿದು ನೆನೆಯಬೇಕು, ಬರೀ ಲೆಕ್ಕ ಯಾರ ಮನಸ್ಸನ್ನೂ ತಟ್ಟದು. ಆ ನೋವು ಕೇಳಿ ಇನ್ನೊಂದು ಜನಾಂಗವನ್ನೇ ದ್ವೇಷಿಸಲು ಕಲಿತರೆ, ಕೊಂದವರ ಪಾಠವನ್ನೇ ಕಲಿತಂತೆ.